ಅಮ್ಮನ ಕತೆಗೆ ಬಂದ ಸಬ್ಸಿಡಿ

ಅವನು ನನ್ನ ಒಡಹುಟ್ಟಿದವನಲ್ಲ. ಕಾಲೇಜಿನ ನಾಟಕ ತಂಡದಲ್ಲಿ ನನಗಿಂತ ಚಿಕ್ಕವನು. ರಿಹರ್ಸಲ್ ಮುಗಿದ ಮೇಲೆ ಹಸಿದುಕೊಂಡು ನಮ್ಮ ಮನೆಗೆ ಬರುತ್ತಿದ್ದ. ಚಾಮರಾಜಪೇಟೆಯ ಒಂದು ಅಡ್ಡರಸ್ತೆಯಲ್ಲಿ, ಮಹಡಿ ಮೇಲಿನ ಪುಟ್ಟ ಮನೆ ನಮ್ಮದು. ಅಮ್ಮ ಮತ್ತು ನಾನು ಇಬ್ಬರೇ. ಅಮ್ಮ ಅವನಿಗೆ ಬಿಸಿ ಮುದ್ದೆ ಹಾಕಿ, ಅವನು ನುಂಗುವುದನ್ನೇ ನೋಡುತ್ತಾ ಕೂರುತ್ತಿದ್ದಳು. ಗಂಡು ಮಗು ಇಲ್ಲದ ಮನೆಗೆ ಅವನು ಹೀಗೆ ಊಟದ ದಾರಿಯಲ್ಲಿ ಬಂದು ಸೇರಿಕೊಂಡ. ನನ್ನನ್ನು ಅಕ್ಕ ಎಂದ, ಅಮ್ಮನನ್ನು ಅಮ್ಮ ಎಂದೇ ಕರೆದ. ನಾನೂ ಎಲ್ಲರ ಹತ್ತಿರ ಅವನನ್ನು ನನ್ನ ತಮ್ಮ ಎಂದೇ ಹೇಳುತ್ತಿದ್ದೆ. ಈಗ ಬರೆಯಲು ಕೂತಾಗಲೂ ಬೇರೆ ಪದ ಸಿಗುತ್ತಿಲ್ಲ, ತಮ್ಮ ಎಂದೇ ಬರೆಯುತ್ತೇನೆ.

ನಾನು ಸರ್ಕಾರಿ ಕಚೇರಿಗೆ ಟೈಪಿಸ್ಟಾಗಿ ಸೇರಿ, ಸೂಪರಿಂಟೆಂಡೆಂಟಾಗಿ ನಿವೃತ್ತಳಾದೆ. ಅವನು ಸೀರಿಯಲ್‌ಗಳಲ್ಲಿ ಸಹಾಯಕ ನಿರ್ದೇಶಕನಾದ. ತಲೆಗೂದಲು ಬೆಳ್ಳಗಾಗುವವರೆಗೂ ಸಹಾಯಕನಾಗಿಯೇ ಉಳಿದ. ಮದುವೆಯಾಗಿ ಮಲ್ಲೇಶ್ವರದಲ್ಲಿ ಮನೆ ಮಾಡಿದ ಮೇಲೂ ಹಬ್ಬಕ್ಕೊಮ್ಮೆ ಬಂದು ಅಮ್ಮನ ಕಾಲಿಗೆ ನಮಸ್ಕಾರ ಮಾಡಿ ಹೋಗುತ್ತಿದ್ದ. ಅಮ್ಮನಿಗೆ ಆಪರೇಷನ್ ಆದಾಗ ಆಸ್ಪತ್ರೆಯ ಹೊರಗಿನ ಬೆಂಚಿನ ಮೇಲೆ ನನ್ನ ಜೊತೆ ಕೂತಿದ್ದವನು ಅವನೇ. ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆಂದರೆ, ನಾನು ಯಾರೋ ಬೀದಿಯಲ್ಲಿ ಹೋಗುವವನನ್ನು ನಂಬಿ ಕೆಟ್ಟವಳಲ್ಲ.

ನಾನು ಆಗೀಗ ಕತೆ ಬರೆಯುತ್ತೇನೆ. ಅವುಗಳಲ್ಲಿ ಒಂದು ಅಮ್ಮನದು. ಅಮ್ಮ ಪ್ರಾಯದಲ್ಲಿ ಮಾಮೂಲ್‌ಪೇಟೆಯ ಹಿಂದಿನ ಒಂದು ಗೋಡೌನಿನಲ್ಲಿ ಊದಿನಕಡ್ಡಿ ಹೊಸೆಯುತ್ತಿದ್ದಳು. ಒಂದು ಮಳೆಗಾಲದಲ್ಲಿ ಸೂರು ಸೋರಿ, ಹೆಂಗಸರು ಹೊಸೆದಿಟ್ಟಿದ್ದ ಕಡ್ಡಿಯೆಲ್ಲ ನೆನೆದು ಹಾಳಾಯಿತು. ಮಾಲೀಕ ಆ ನಷ್ಟವನ್ನು ಅವರ ಕೂಲಿಯಲ್ಲೇ ಹಿಡಿದುಕೊಂಡ. ಮರುದಿನ ಬೆಳಿಗ್ಗೆ ಅಮ್ಮ ಗೋಡೌನಿನ ಬಾಗಿಲಲ್ಲಿ ಕೈಕಟ್ಟಿ ಕೂತುಬಿಟ್ಟಳು. ಅವಳನ್ನು ನೋಡಿ ಪಕ್ಕದವಳು ಕೂತಳು, ಆಮೇಲೆ ಇನ್ನೊಬ್ಬಳು. ಸಂಜೆಯ ಹೊತ್ತಿಗೆ ಗಲ್ಲಿಯ ತುಂಬ ಹೆಂಗಸರು. ಯಾರೂ ಕೂಗಲಿಲ್ಲ, ಯಾರೂ ಬೈಯಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಮಾಲೀಕ ಕೂಲಿ ಕೊಟ್ಟ. ಅಮ್ಮ ಇದನ್ನು ಹೇಳುವಾಗ ದೊಡ್ಡ ಸಾಹಸ ಎಂಬಂತೆ ಹೇಳುತ್ತಿರಲಿಲ್ಲ. ಆದರೆ ಹೇಳುವಾಗಲೆಲ್ಲ ಬೆನ್ನು ನೆಟ್ಟಗೆ ಮಾಡಿಕೊಂಡು ಕೂರುತ್ತಿದ್ದಳು. ನಾನು ಬರೆದ ಆ ಕತೆ ಒಂದು ವಾರಪತ್ರಿಕೆಯ ವಿಶೇಷ ಸಂಚಿಕೆಯಲ್ಲಿ ಬಂತು. ಓದಿದವರು ಕೆಲವರು, ಮೆಚ್ಚಿದವರು ಇನ್ನೂ ಕಡಿಮೆ. ಅಷ್ಟೇ.

ನಾನು ನಿವೃತ್ತಳಾದ ವರ್ಷ ತಮ್ಮ ಒಂದು ಮಧ್ಯಾಹ್ನ ಬಂದ. ಅಮ್ಮ ಒಳಗೆ ಕಾಫಿಗೆ ಹಾಲು ಇಡುತ್ತಿದ್ದಳು.

"ಅಕ್ಕ, ಇಷ್ಟು ವರ್ಷ ಬೇರೆಯವರಿಗೆ ದುಡಿದಿದ್ದು ಸಾಕು ಅನ್ಸಿದೆ. ನಂದು ಅಂತ ಒಂದು ಸಿನಿಮಾ ಮಾಡ್ಬೇಕು. ಅಮ್ಮನ ಕತೆ ಮಾಡ್ತೀನಿ," ಎಂದ.

ನನಗೆ ಮೈ ಜುಂ ಎಂದಿತು. ಆದರೆ ಕಚೇರಿಯಲ್ಲಿ ಅಷ್ಟು ವರ್ಷ ಕಡತ ನೋಡಿದವಳಲ್ಲವೇ, ಮೊದಲು ಕೇಳಿದ್ದು ಹಣದ ವಿಷಯವನ್ನೇ. "ದುಡ್ಡು ಯಾರು ಹಾಕ್ತಾರೋ?"

"ಒಳ್ಳೆ ಸಿನಿಮಾಗೆ ಸರ್ಕಾರ ಸಹಾಯಧನ ಕೊಡುತ್ತಲ್ಲ, ಸಬ್ಸಿಡಿ. ಕತೆ ಕಾದಂಬರಿ ಮೇಲೆ ತೆಗೆದ್ರೆ ಸಾಮಾನ್ಯ ಸಿನಿಮಾಗಿಂತ ಜಾಸ್ತಿ. ಆದ್ರೆ ಅದು ಸಿನಿಮಾ ಮುಗಿದು, ಬಿಡುಗಡೆ ಆಗಿ, ಕಮಿಟಿ ನೋಡಿದ ಮೇಲೆ ಬರೋದು. ಅಲ್ಲೀವರೆಗೂ ಯಾರಾದ್ರೂ ಹಾಕ್ಬೇಕು. ಕಲಾಸಿಪಾಳ್ಯದ ತರಕಾರಿ ಮಂಡಿ ಯಜಮಾನ್ರು ಒಬ್ರು ಅರ್ಧ ಹಾಕ್ತಾರೆ. ಇನ್ನರ್ಧ ನೀವು ನಿಂತ್ಕೊಂಡ್ರೆ ನಾಳೆನೇ ಮುಹೂರ್ತ."

"ನಂದು ಹೋದ್ರೆ?"

"ಸಬ್ಸಿಡಿ ಬಂದ ತಕ್ಷಣ ಮೊದ್ಲು ನಿಮ್ಮ ದುಡ್ಡು ಅಕ್ಕ. ನಿಮ್ಮದು ಮುಟ್ಟಿದ ಮೇಲೆ ಮಿಕ್ಕೋರದು. ಸರ್ಕಾರದ ದುಡ್ಡು, ಎಲ್ಲಿ ಹೋಗುತ್ತೆ?"

ಆ ಕೊನೆಯ ಮಾತು ನನ್ನನ್ನು ಹಿಡಿದುಬಿಟ್ಟಿತು. ಸರ್ಕಾರದ ಹಣ ತಡವಾಗಿ ಬರುತ್ತದೆ, ಆದರೆ ಬಂದೇ ಬರುತ್ತದೆ ಎಂಬುದು ನನ್ನ ಇಡೀ ನೌಕರಿಯ ಅನುಭವ. ಅದು ಯಾರ ಕೈಗೆ ಬರುತ್ತದೆ ಎಂದು ನಾನು ಕೇಳಲಿಲ್ಲ. ಅಮ್ಮ ಕಾಫಿ ತಂದಿಟ್ಟು, ಬಾಗಿಲ ಹತ್ತಿರ ನಿಂತು, "ನನ್ನ ಪಾರ್ಟು ಯಾರು ಮಾಡ್ತಾರಪ್ಪ?" ಎಂದು ಕೇಳಿದಳು. ಅವನು ನಕ್ಕ. ಅಮ್ಮನೂ ನಕ್ಕಳು. ನಿವೃತ್ತಿಯಲ್ಲಿ ಬಂದ ಹಣದ ದೊಡ್ಡ ಪಾಲನ್ನು ನಾನು ಆ ವಾರವೇ ಅವನ ಕೈಗೆ ಕೊಟ್ಟೆ. ಕತೆಯನ್ನು ಬಳಸಿಕೊಳ್ಳಲು ಒಪ್ಪಿಗೆಯನ್ನೂ ಬರೆದುಕೊಟ್ಟೆ. ಕತೆಗೆ ದುಡ್ಡು ಕೇಳಲಿಲ್ಲ. ತಮ್ಮನ ಹತ್ತಿರ ಯಾರಾದರೂ ಕೇಳುತ್ತಾರೆಯೇ?

ಬಸವನಗುಡಿಯ ಒಂದು ಗುಡಿಯಲ್ಲಿ ಮುಹೂರ್ತವಾಯಿತು. ಕ್ಲಾಪ್ ಬೋರ್ಡನ್ನು ಅಮ್ಮನ ಕೈಗೇ ಕೊಟ್ಟ. ಅದನ್ನು ಹೇಗೆ ಬಡಿಯಬೇಕೆಂದು ತಿಳಿಯದೆ ಅವಳು ಎರಡು ಸಲ ಮೆತ್ತಗೆ ಮುಚ್ಚಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಮಂಡಿ ಯಜಮಾನರನ್ನು ನಾನು ಮೊದಲು ನೋಡಿದ್ದು ಅಲ್ಲೇ. ಬಿಳಿ ಪಂಚೆ, ಬಿಳಿ ಶರ್ಟು, ಮಾತು ಕಡಿಮೆ. ಪ್ರಸಾದ ತಿಂದು, ನನಗೆ ಕೈಮುಗಿದು, "ನಮ್ಮದು ಬೆಳಿಗ್ಗೆ ಹೊತ್ತಿನ ವ್ಯಾಪಾರ ತಾಯಿ, ಬರ್ತೀನಿ," ಎಂದು ಹೊರಟುಹೋದರು.

ಶೂಟಿಂಗ್ ನಗರ್ತಪೇಟೆಯ ಒಂದು ಹಳೆಯ ಗೋಡೌನಿನಲ್ಲಿ. ಮೊದಮೊದಲು ನಾನೂ ಅಮ್ಮನೂ ಆಟೋದಲ್ಲಿ ಹೋಗಿ ನೋಡಿ ಬರುತ್ತಿದ್ದೆವು. ಅಮ್ಮನ ಪಾತ್ರ ಮಾಡಿದ ಹುಡುಗಿ ಒಳ್ಳೆಯವಳು, ಶಾಟ್ ಮುಗಿದಾಗಲೆಲ್ಲ ಅಮ್ಮನ ಪಕ್ಕ ಬಂದು ಕೂರುತ್ತಿದ್ದಳು. ತಮ್ಮ ಮಾತ್ರ ಅವಸರದಲ್ಲಿ ಇರುತ್ತಿದ್ದ. ಒಂದೇ ಶಾಟಿನಲ್ಲಿ ಮೂರು ಸೀನಿನ ಕೆಲಸ ಮುಗಿಸುತ್ತಿದ್ದ. ನನಗೆ ಸಿನಿಮಾ ತೆಗೆಯುವುದು ಗೊತ್ತಿಲ್ಲ, ಹೀಗೇ ಇರಬೇಕು ಅಂದುಕೊಂಡೆ.

ಹೆಂಗಸರು ಕೂರುವ ದೃಶ್ಯ ಯಾವಾಗ ಎಂದು ಅಮ್ಮ ಹೋದಾಗಲೆಲ್ಲ ಕೇಳುವಳು.

"ಅದನ್ನ ಕೊನೇಲಿ ತೆಗಿತೀನಮ್ಮ. ಗಲ್ಲಿ ತುಂಬ ಜನ ಬೇಕಲ್ಲ. ದೊಡ್ಡದಾಗಿ ತೆಗಿಬೇಕು ಅದನ್ನ," ಎನ್ನುವನು ಅವನು.

ಆಮೇಲೆ ಅಮ್ಮನಿಗೆ ಜ್ವರ ಬಂತು. ಕೆಲವು ದಿನ ನಾವು ಹೋಗಲಾಗಲಿಲ್ಲ. ಒಂದು ಸಂಜೆ ಫೋನ್ ಮಾಡಿದ. "ಅಕ್ಕ, ಇವತ್ತು ತೆಗೆದಾಯ್ತು. ಹೆಂಗಸರೆಲ್ಲ ಕೂತಿದ್ರಲ್ಲ, ಆ ಸೀನು. ಅಮ್ಮನಿಗೆ ಹೇಳಿ. ನೋಡ್ತಾ ಇದ್ದೋರಿಗೆಲ್ಲ ಕಣ್ಣಲ್ಲಿ ನೀರು ಬಂತು." ನಾನು ಹೋಗಿ ಹೇಳಿದೆ. ಅಮ್ಮ ಗಂಜಿ ಬಟ್ಟಲು ಕೆಳಗಿಟ್ಟು, "ನಾನಿರ್ಬೇಕಾಗಿತ್ತು," ಎಂದಳು.

ಬಿಡುಗಡೆಯ ಸುದ್ದಿಯನ್ನು ಅವನು ಹೇಳಿದ ರೀತಿಯೇ ವಿಚಿತ್ರವಾಗಿತ್ತು. ಗಾಂಧಿನಗರದ ಒಂದು ಥಿಯೇಟರಿನಲ್ಲಿ ಬೆಳಗಿನ ಆಟ ಮಾತ್ರ. ಈಗಲೇ ಯಾರನ್ನೂ ಕರೆಯಬೇಡಿ, ಎರಡನೇ ವಾರದಲ್ಲಿ ಸಂಜೆ ಆಟ ಸಿಗುತ್ತೆ, ಆಗ ಎಲ್ಲರನ್ನೂ ಕರೆಯೋಣ ಎಂದ. ಆದರೆ ಅಮ್ಮನನ್ನು ಹೇಗೆ ತಡೆಯುವುದು? ಮೊದಲ ದಿನವೇ ನೋಡಬೇಕೆಂದು ಅವಳ ಹಟ. ಮದುವೆಗೆ ಉಡುವ ರೇಷ್ಮೆ ಸೀರೆ ಉಟ್ಟಳು, ಮುಡಿಗೆ ಮಲ್ಲಿಗೆ ಮುಡಿದಳು. ಕೆಳಗಿನ ಮನೆಯವರಿಗೆ, ಎದುರಿನ ದಿನಸಿ ಅಂಗಡಿಯವರಿಗೆ, ಹಾಲಿನವರಿಗೆ ಎಲ್ಲರಿಗೂ ಹೇಳಿ ಆಟೋ ಹತ್ತಿದಳು.

ಥಿಯೇಟರಿನ ಹೊರಗೆ ನಮ್ಮ ಸಿನಿಮಾದ ಒಂದೇ ಒಂದು ಪೋಸ್ಟರ್. ಅದನ್ನು ಗೇಟಿನ ಹತ್ತಿರ ಅಂಟಿಸಿ, ಫೋಟೋ ತೆಗೆಯುತ್ತಿದ್ದರು. ಅದು ಯಾಕೆಂದು ಆಗ ನನಗೆ ಹೊಳೆಯಲಿಲ್ಲ. ಟಿಕೆಟ್ ಕೇಳಿದರೆ ಕೌಂಟರಿನಲ್ಲಿದ್ದವನು ನಮ್ಮನ್ನೇ ಆಶ್ಚರ್ಯದಿಂದ ನೋಡಿದ. ಒಳಗೆ ಹೋದರೆ ಕತ್ತಲಲ್ಲಿ ಅಲ್ಲಲ್ಲಿ ಒಂದೊಂದು ತಲೆ. ಹಿಂದಿನ ಸಾಲಿನಲ್ಲಿ ಒಬ್ಬ ಕಾಲು ಚಾಚಿ ಆಗಲೇ ನಿದ್ದೆ ಹೋಗಿದ್ದ. ತಮ್ಮ ಎಲ್ಲೂ ಕಾಣಲಿಲ್ಲ.

ಪರದೆಯ ಮೇಲೆ ಕತೆ ಎಂದು ನನ್ನ ಹೆಸರು ಬಂತು. ಅಮ್ಮ ನನ್ನ ಕೈ ಹಿಸುಕಿದಳು. ಅದರ ಹಿಂದೆಯೇ ನಿರ್ಮಾಪಕಿ ಎಂದು ಅವನ ಹೆಂಡತಿಯ ಹೆಸರು ಬಂತು. ಬೇರೆ ಯಾರದೂ ಇಲ್ಲ. ಇದು ಕಾಗದದ ಮೇಲಿನ ಅನುಕೂಲಕ್ಕೆ ಇರಬಹುದು ಎಂದು ನನಗೆ ನಾನೇ ಹೇಳಿಕೊಂಡೆ.

ಸಿನಿಮಾ ಶುರುವಾಯಿತು. ಬೀದಿ ತೋರಿಸಿದರು, ಪಾರಿವಾಳ ತೋರಿಸಿದರು, ಬಸ್ಸು ಹೋಗುವುದನ್ನು ತೋರಿಸಿದರು, ಮತ್ತೆ ಬೀದಿ. ಒಬ್ಬರು ಮಾತಾಡಿ ಸುಮ್ಮನಾದರೆ ಇನ್ನೊಬ್ಬರು ಮಾತಾಡುವಷ್ಟರಲ್ಲಿ ಒಂದು ನಿದ್ದೆ ತೆಗೆಯಬಹುದಿತ್ತು. ಆದರೂ ಆ ಹುಡುಗಿ ಮಣೆಯ ಮುಂದೆ ಕೂತು ಕಡ್ಡಿ ಹೊಸೆಯುವಾಗ ಅಮ್ಮ ಮುಂದೆ ಬಾಗಿ ಕೂತಿದ್ದಳು. ಮಳೆ ಬಂತು. ಸೂರು ಸೋರಿತು. ಮಾಲೀಕ ಕೂಲಿ ಇಲ್ಲ ಎಂದ. ಹುಡುಗಿ ಗೋಡೌನಿನ ಬಾಗಿಲಿಗೆ ಬಂದಳು. ಅಮ್ಮ ಬೆನ್ನು ನೆಟ್ಟಗೆ ಮಾಡಿಕೊಂಡಳು.

ಪರದೆ ಕಪ್ಪಾಯಿತು. ತಮ್ಮನದೇ ಧ್ವನಿ, ಗಂಭೀರವಾಗಿ, ಅಂದು ಆ ಹೆಂಗಸರು ಕೂತರು, ಎದ್ದಾಗ ಗೆದ್ದಿದ್ದರು ಎಂದು ಹೇಳಿತು. ಆಮೇಲೆ ಹೆಸರುಗಳು ಮೇಲಕ್ಕೆ ಸರಿಯತೊಡಗಿದವು.

ದೀಪ ಹಾಕಿದರು. ಅಮ್ಮ ಇನ್ನೂ ಪರದೆಯನ್ನೇ ನೋಡುತ್ತಿದ್ದಳು.

"ನಾವು ಕೂತಿದ್ದೆಲ್ಲೇ?" ಎಂದು ಕೇಳಿದಳು.

ಆಮೇಲೆ ಅವಳು ಹಿಂದೆ ತಿರುಗಿ ಖಾಲಿ ಕುರ್ಚಿಗಳನ್ನು ನೋಡಿ, "ಬೇರೆ ಜನ ಯಾವಾಗ ಬರ್ತಾರೆ?" ಎಂದಳು.

ಮನೆ ಹತ್ತಿರ ದಿನಸಿ ಅಂಗಡಿಯವರು, "ಹೇಗಿತ್ತು ಅಜ್ಜಿ ಪಿಚ್ಚರು?" ಎಂದಾಗ, "ಚೆನ್ನಾಗಿತ್ತಪ್ಪ," ಎಂದು ಹೇಳಿ ಮೆಟ್ಟಿಲು ಹತ್ತಿದಳು.

ತಮ್ಮನಿಗೆ ಫೋನ್ ಮಾಡಿದೆ. ಎಡಿಟಿಂಗ್‌ನಲ್ಲಿ ತೊಂದರೆಯಾಯಿತು, ಫೈಲ್ ಕರಪ್ಟ್ ಆಯಿತು, ಎರಡನೇ ವಾರಕ್ಕೆ ಸರಿ ಮಾಡಿಸುತ್ತೇನೆ ಎಂದ. ಎರಡನೇ ವಾರ ಬರಲೇ ಇಲ್ಲ. ಆ ವಾರ ಮುಗಿಯುವ ಮೊದಲೇ ಅಲ್ಲಿ ಬೇರೆ ಸಿನಿಮಾ ಹಾಕಿದ್ದರು. ಮೆಲ್ಲಗೆ ಅವನು ಫೋನ್ ಎತ್ತುವುದನ್ನೂ ಬಿಟ್ಟ.

ನನಗೆ ಮಂಡಿ ಯಜಮಾನರ ನೆನಪು ಬಂತು. ಅರ್ಧ ಹಣ ಅವರದು, ನನ್ನ ಹಾಗೇ ಅವರಿಗೂ ಹೊಟ್ಟೆ ಉರಿದಿರಬೇಕು, ಇಬ್ಬರೂ ಸೇರಿ ಕೇಳೋಣ ಎಂದುಕೊಂಡು ಒಂದು ಬೆಳಿಗ್ಗೆ ಕಲಾಸಿಪಾಳ್ಯಕ್ಕೆ ಹೋದೆ. ಕೋಸಿನ ಮೂಟೆಗಳ ನಡುವೆ, ಒಂದು ಮರದ ಮೇಜಿನ ಹಿಂದೆ ಅವರು ಕೂತಿದ್ದರು. ಗುರುತು ಹಿಡಿದು ಎದ್ದು ನಿಂತರು, ಕುರ್ಚಿ ಹಾಕಿಸಿದರು, ಟೀ ತರಿಸಿದರು. ನಾನು ಥಿಯೇಟರಿನಲ್ಲಿ ನೋಡಿದ್ದನ್ನೆಲ್ಲ ಹೇಳಿದೆ. ಕೂರುವ ದೃಶ್ಯವೇ ಇಲ್ಲ ಎಂದೆ. ಅವರು ತಾಳ್ಮೆಯಿಂದ ಕೇಳಿದರು.

"ನಾನು ಆ ಪಿಚ್ಚರ್ ನೋಡಿಲ್ಲ ತಾಯಿ," ಎಂದರು.

"ಅಷ್ಟೊಂದು ದುಡ್ಡು ಹಾಕಿ ನೋಡಿಲ್ವಾ?"

"ನಾನು ಪಿಚ್ಚರ್‌ಗೆ ಹಾಕಿಲ್ಲ. ಸಬ್ಸಿಡಿಗೆ ಹಾಕಿದ್ದು. ಬಂದಾಗ ಮೊದ್ಲು ನಂದು ಬಡ್ಡಿ ಸಮೇತ ಕೊಡ್ಬೇಕು ಅಂತ ಮಾತು. ಸಬ್ಸಿಡಿ ಬರೋದು ನಿರ್ಮಾಪಕರ ಹೆಸರಿಗೆ, ಅದಕ್ಕೆ ಅವ್ರ ಹೆಂಡ್ತಿ ಕೈಲಿ ಬರೆಸ್ಕೊಂಡೂ ಇದೀನಿ. ನಿಮ್ಮ ತಮ್ಮ ನಿಮಗೆ ಹೇಳಿಲ್ವಾ?"

ಟೀ ಲೋಟ ಕೈಯಲ್ಲೇ ಇತ್ತು. ಕೆಳಗಿಡಲು ಜಾಗ ಹುಡುಕಿದೆ.

"ಮೊದ್ಲು ನನ್ನ ದುಡ್ಡೇ ಕೊಡ್ತೀನಿ ಅಂತ ನನಗೂ ಹೇಳಿದಾನೆ," ಎಂದೆ.

ಅವರು ತಲೆ ತಗ್ಗಿಸಿದರು. ಅವರ ಮುಖದಲ್ಲಿ ಕುಹಕ ಇರಲಿಲ್ಲ, ಅದೇ ನನಗೆ ಹೆಚ್ಚು ನೋವು ಮಾಡಿತು. "ಇದು ಹೀಗೇ ನಡೆಯೋದು ತಾಯಿ. ಕಮಿಟಿಗೆ ಇಷ್ಟು ಹೊತ್ತು ಅಂತ ಲೆಕ್ಕ ಇರುತ್ತಲ್ಲ, ಅಷ್ಟು ಹೊತ್ತು ಓಡಿದ್ರೆ ಸಾಕು. ಒಂದು ಥಿಯೇಟರ್‌ನಲ್ಲಿ ಹಾಕಿ ಫೋಟೋ ತೆಗೆಸ್ಕೊಂಡ್ರೆ ಬಿಡುಗಡೆ ಆಯ್ತು. ಜಾಸ್ತಿ ಖರ್ಚು ಮಾಡಿದಷ್ಟೂ ಉಳಿಯೋದು ಕಮ್ಮಿ. ಕತೆ ಬರೆದೋರು ನೀವು ಅಂತ ಗೊತ್ತು. ದುಡ್ಡೂ ಹಾಕಿದೀರ ಅಂತ ನನಗೆ ಗೊತ್ತಿರ್ಲಿಲ್ಲ."

ಹೊರಗೆ ಬಂದು ಬಸ್ ಸ್ಟ್ಯಾಂಡಿನ ಗದ್ದಲದಲ್ಲಿ ನಿಂತೆ. ನನ್ನ ಹಣಕ್ಕಿಂತ ಬೇರೊಂದು ಮಾತು ಎದೆಯಲ್ಲಿ ಚುಚ್ಚುತ್ತಿತ್ತು. ಕತೆ ಕಾದಂಬರಿ ಮೇಲೆ ತೆಗೆದರೆ ಜಾಸ್ತಿ ಎಂದು ಅವನೇ ಹೇಳಿದ್ದನಲ್ಲ. ಅವನಿಗೆ ಬೇಕಾಗಿದ್ದದ್ದು ಅಚ್ಚಾದ ಒಂದು ಕತೆ. ಅದು ಅಮ್ಮನದೇ ಆಗಬೇಕೆಂದಿರಲಿಲ್ಲ. ಸುಲಭವಾಗಿ, ಪುಕ್ಕಟೆಯಾಗಿ ಸಿಗುವುದು ನಮ್ಮ ಮನೆಯಲ್ಲಿತ್ತು.

ಮಾರನೆಯ ದಿನ ಮಲ್ಲೇಶ್ವರದ ಅವನ ಮನೆಗೆ ಹೋದೆ. ಹೆಂಡತಿ ನೀರು ತಂದುಕೊಟ್ಟು ಒಳಗೆ ಹೋದವಳು ಮತ್ತೆ ಹೊರಗೆ ಬರಲಿಲ್ಲ. ಅವನು ಎದುರಿಗೆ ಕೂತ. ನಾನು ಮಂಡಿಗೆ ಹೋಗಿದ್ದು ಅವನಿಗೆ ಆಗಲೇ ಗೊತ್ತಾಗಿತ್ತು.

"ಆ ಸೀನು ತೆಗೆದಾಯ್ತು ಅಂತ ಯಾಕೆ ಹೇಳಿದೆ?" ಇದೊಂದೇ ನಾನು ಮೊದಲು ಕೇಳಿದ್ದು.

"ತೆಗಿಬೇಕು ಅಂತನೇ ಇದ್ದೆ ಅಕ್ಕ. ಅಷ್ಟು ಜನ ಜೂನಿಯರ್ ಆರ್ಟಿಸ್ಟ್, ಅವ್ರ ಊಟ, ಬಟ್ಟೆ, ಗಲ್ಲಿ ಬಂದ್ ಮಾಡ್ಸೋದು. ಕೈಲಿ ದುಡ್ಡಿರ್ಲಿಲ್ಲ."

"ನನ್ನನ್ನ ಕೇಳ್ಬಹುದಾಗಿತ್ತು."

"ಇನ್ನೂ ಎಷ್ಟು ಅಂತ ನಿಮ್ಮನ್ನ ಕೇಳ್ಲಿ?"

"ಸುಳ್ಳು ಹೇಳೋದಕ್ಕಿಂತ ಕೇಳೋದು ಕಷ್ಟ ಆಯ್ತಾ?"

ಅವನು ಧ್ವನಿ ಏರಿಸಿದ. "ಅಕ್ಕ, ನೀವು ಮೂವತ್ತು ವರ್ಷ ತಿಂಗಳಾದ್ರೆ ಸಂಬಳ ತಗೊಂಡೋರು. ನನ್ನ ಕಷ್ಟ ನಿಮಗೆ ಗೊತ್ತಾಗಲ್ಲ. ಎಲ್ಲಾ ನಿಜ ಹೇಳಿದ್ರೆ ನೀವು ಕೊಡ್ತಾ ಇದ್ರಾ? ಮಂಡಿಯವ್ರು ಕೊಡ್ತಾ ಇದ್ರಾ? ನಿರ್ದೇಶನ ಅಂತ ನನ್ನ ಹೆಸರು ಒಂದು ಸಲ ಪರದೆ ಮೇಲೆ ಬರಬೇಕಾಗಿತ್ತು. ಬಂತು. ಒಂದು ಸಬ್ಸಿಡಿ ಬಂದ್ರೆ ಇನ್ನೊಂದಕ್ಕೆ ದಾರಿ. ಎರಡನೇದು ಚೆನ್ನಾಗಿ ತೆಗಿತೀನಿ."

"ಹಾಗಾದ್ರೆ ಅಮ್ಮಂದು ಕೆಟ್ಟದಾಗಿ ತೆಗೆಯೋಕೆ ಇಟ್ಟುಕೊಂಡಿದ್ದಾ?"

ಅವನು ನೀರಿನ ಲೋಟ ಎತ್ತಿಕೊಂಡು ಒಳಗೆ ಹೋದ.

ಹಳೆಯ ಸಹೋದ್ಯೋಗಿಯೊಬ್ಬರನ್ನು ವಿಚಾರಿಸಿದಾಗ, ಕತೆ ಬರೆದವರೇ ತಕರಾರು ಬರೆದುಕೊಟ್ಟರೆ ಸಹಾಯಧನ ಅಲ್ಲೇ ನಿಲ್ಲುತ್ತದೆ ಎಂದು ತಿಳಿಯಿತು. ಕಮಿಟಿ ಇನ್ನೂ ಸಿನಿಮಾ ನೋಡಿರಲಿಲ್ಲ. ಹಾಗೆ ಬರೆದುಕೊಡಬೇಕೆಂದೇ ನಾನು ತೀರ್ಮಾನಿಸಿದ್ದೆ. ಅದು ಹೇಗೋ ಅವನ ಕಿವಿಗೆ ಬಿತ್ತು. ಒಂದು ಭಾನುವಾರ ಅವನು ನಮ್ಮ ಮನೆಗೆ ಬಂದ. ಬಂದವನು ನನ್ನ ಮುಖ ನೋಡದೆ, ನೇರ ಹೋಗಿ ಅಮ್ಮನ ಮುಂದೆ ನೆಲದ ಮೇಲೆ ಕೂತ.

"ಅಮ್ಮ, ತಪ್ಪಾಗಿದೆ. ಸಬ್ಸಿಡಿ ಒಂದು ಬರ್ಲಿ. ಮೊದಲ ಕೆಲಸ ಆ ಸೀನು ತೆಗೆಯೋದು. ನೀವು ಹೇಳ್ದಂಗೆ, ಗಲ್ಲಿ ತುಂಬ ಹೆಂಗಸರನ್ನ ಕೂರಿಸಿ ತೆಗಿತೀನಿ. ಸೇರಿಸಿ ಮತ್ತೆ ಬಿಡುಗಡೆ ಮಾಡ್ತೀನಿ. ನಿಮ್ಮ ಕಾಲ್ಮುಟ್ಟಿ ಹೇಳ್ತಿದೀನಿ." ಹೇಳಿದಂತೆ ಕಾಲು ಮುಟ್ಟಿದ.

ಅವನು ಹೋದ ಮೇಲೆ ಅಮ್ಮ ನನ್ನನ್ನು ಕರೆದಳು. "ತಕರಾರು ಕೊಡ್ಬೇಡ ಬಿಡು."

"ಅವನು ಮತ್ತೆ ಸುಳ್ಳು ಹೇಳ್ತಿದ್ರೆ?"

"ಕಾಲ್ಮುಟ್ಟಿ ಹೇಳಿದಾನಲ್ಲೇ. ಮನೆ ಹುಡುಗ. ತೆಗೀತಾನೆ."

ನಾನು ಅಮ್ಮನ ಮಾತಿಗೆ ಸುಮ್ಮನಾದೆ. ಅಮ್ಮ ಅವತ್ತಿನಿಂದ ಮತ್ತೆ ಉತ್ಸಾಹದಿಂದ ಇದ್ದಳು. ಯಾರು ಮೊದಲು ಕೂತರು, ಯಾರ ಕಂಕುಳಲ್ಲಿ ಕೂಸಿತ್ತು, ಮಾಲೀಕನ ಹೆಂಡತಿ ಮೇಲಿನ ಕಿಟಕಿಯಿಂದ ನೋಡಿ ಏನೆಂದಳು, ಎಲ್ಲವನ್ನೂ ನೆನಪು ಮಾಡಿಕೊಂಡು ಹೇಳುವಳು. ಅವನಿಗೆ ಹೇಳಲು ಮರೆಯಬೇಡ ಎನ್ನುವಳು. ನಾನು ಹೂಂ ಎನ್ನುತ್ತಿದ್ದೆ.

ಸಹಾಯಧನ ಬಂತು. ನಮಗೆ ತಿಳಿಸಿದವರು ಮಂಡಿ ಯಜಮಾನರು. ಅವರ ಹಣ ಅವರಿಗೆ ಮುಟ್ಟಿತ್ತು. ನಿಮ್ಮದೂ ಬಂತೇ ಎಂದು ಕೇಳಲು ಫೋನ್ ಮಾಡಿದ್ದರು. ಇಲ್ಲ ಎಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಲಾರಿ ಹಾರನ್ನು, ಕೂಲಿಯವರ ಕೂಗು ಮಾತ್ರ ಕೇಳಿಸಿತು. "ನಾನೊಂದು ಮಾತು ಹೇಳ್ತೀನಿ ಅವ್ರಿಗೆ," ಎಂದರು. ಹೇಳಿದರೆಂದು ಕಾಣುತ್ತದೆ. ಕೆಲವು ದಿನಗಳ ಮೇಲೆ ನನ್ನ ಖಾತೆಗೆ ನಾನು ಕೊಟ್ಟಿದ್ದರಲ್ಲಿ ಒಂದು ಸಣ್ಣ ಪಾಲು ಬಂದು ಬಿತ್ತು. ಅದರ ಜೊತೆ ಫೋನಿಲ್ಲ, ಮೆಸೇಜಿಲ್ಲ.

ಕೂರುವ ದೃಶ್ಯ ಯಾವಾಗ ಎಂದು ಕೇಳಲು ಅಮ್ಮ ನನ್ನಿಂದ ಫೋನ್ ಮಾಡಿಸಿದಳು. ಅವನು ಎತ್ತಲಿಲ್ಲ. ದಿನವೂ ಮಾಡಿಸಿದಳು. ಆಮೇಲೆ ಕೇಳುವುದನ್ನೇ ಬಿಟ್ಟಳು. ನಿರ್ಮಾಪಕರ ಸಂಘವೊಂದಕ್ಕೆ ನಾನೊಬ್ಬಳೇ ಹೋಗಿ ಹೇಳಿಕೊಂಡೆ. ಅಲ್ಲಿದ್ದ ಹಿರಿಯರು ಮರ್ಯಾದೆಯಿಂದಲೇ ಕೂರಿಸಿ ಕೇಳಿದರು. "ದುಡ್ಡು ಕೊಟ್ಟಿದ್ದಕ್ಕೆ ಏನಾದ್ರೂ ಬರೆಸ್ಕೊಂಡಿದೀರಾ ಮೇಡಂ? ಸೀನು ಸೇರಿಸ್ತೀನಿ ಅಂದಿದ್ದಕ್ಕೆ?" ನಾನು ಇಲ್ಲ ಎಂದೆ. ಇನ್ನೊಬ್ಬರ ಕಡತದಲ್ಲಿ ಒಂದು ಸಹಿ ಇಲ್ಲದಿದ್ದರೆ ವಾಪಸು ಕಳಿಸುತ್ತಿದ್ದವಳು ನಾನು. ಅವರು ಕೈಚೆಲ್ಲಿದರು.

ಯುಗಾದಿಯ ದಿನ ತಮ್ಮ ಬಂದ. ಬರುತ್ತಾನೆಂದು ನಾನು ಕನಸಿನಲ್ಲೂ ಅಂದುಕೊಂಡಿರಲಿಲ್ಲ. ಹೊಸ ಶರ್ಟು, ಕೈಯಲ್ಲಿ ಹಣ್ಣು, ಅಮ್ಮನಿಗೆ ಒಂದು ಸೀರೆ. ಏನೂ ಆಗಿಲ್ಲವೆಂಬಂತೆ ಚಪ್ಪಲಿ ಬಿಟ್ಟು ಒಳಗೆ ಬಂದು, "ಅಮ್ಮ, ಹೋಳಿಗೆ ಮಾಡಿದೀರಾ?" ಎಂದ. ನಾನು ಬಾಯಿ ತೆರೆಯುವಷ್ಟರಲ್ಲಿ ಅಮ್ಮ ಕೈ ತೋರಿಸಿ ನನ್ನನ್ನು ತಡೆದಳು.

ತಾನೇ ಎಲೆ ಹಾಕಿದಳು. ಅನ್ನ, ಸಾರು, ಹೋಳಿಗೆ, ಮೇಲೆ ತುಪ್ಪ. ಅವನು ಉಂಡ. ಹೊಸ ಸಿನಿಮಾ ಮಾತುಕತೆ ನಡೆಯುತ್ತಿದೆ, ಈ ಸಲ ದೊಡ್ಡ ಕ್ಯಾಮೆರಾಮನ್ ಎಂದೆಲ್ಲ ಹೇಳಿದ. ಅಮ್ಮ ಗೋಡೆಗೆ ಒರಗಿ ಕೂತು ಕೇಳುತ್ತಿದ್ದಳು. ಕೈ ತೊಳೆದು ಬಂದವನು ಎಂದಿನಂತೆ ಕಾಲಿಗೆ ಬಗ್ಗಿದ. ಅಮ್ಮ ಎರಡೂ ಕಾಲನ್ನು ಸೀರೆಯೊಳಕ್ಕೆ ಎಳೆದುಕೊಂಡಳು.

"ಕಾಲು ಮುಟ್ಬೇಡ ಕಣಪ್ಪ," ಎಂದಳು.

ಅವನು ಬಗ್ಗಿದವನು ಹಾಗೇ ನಿಂತ.

"ಊಟ ಆಯ್ತಲ್ಲ. ಇನ್ಮೇಲೆ ಈ ಮನೆಗೆ ಬರ್ಬೇಡ. ಸೀರೆ ತಗೊಂಡೋಗು."

"ಅಮ್ಮ, ಅದು ದುಡ್ಡು ಹೊಂದಿಸೋಕೆ ಆಗ್ಲಿಲ್ಲ, ನಾನು..."

"ದುಡ್ಡಿನ ಮಾತು ನನಗೆ ಬೇಡ. ಅದನ್ನ ನನ್ನ ಮಗಳೂ ನೀನೂ ನೋಡ್ಕೊಳ್ಳಿ. ನನ್ನ ಹತ್ರ ಬಂದು ತೆಗಿತೀನಿ ಅಂದ್ಯಲ್ಲ. ನಾನು ಎಷ್ಟು ದಿನ ಕಾಯ್ಕೊಂಡು ಕೂತಿದ್ದೆ ಅಂತ ನಿನಗೇನು ಗೊತ್ತು."

ಅವಳು ಧ್ವನಿ ಏರಿಸಲಿಲ್ಲ. ಅವನ ಕಣ್ಣು ತುಂಬಿತು, ನಾನು ನೋಡಿದೆ. ಅದು ನಿಜವಾದ ಕಣ್ಣೀರೋ ಅಲ್ಲವೋ ಹೇಳಲಾರೆ. ಅವನನ್ನು ಅಷ್ಟು ವರ್ಷ ಬಲ್ಲ ನನಗೆ ಅಷ್ಟೂ ಹೇಳಲಾಗುತ್ತಿಲ್ಲ ಎಂಬುದೇ ಆಗ ನನಗೆ ಎಲ್ಲಕ್ಕಿಂತ ದೊಡ್ಡ ನಷ್ಟವಾಗಿ ಕಂಡಿತು. ಸೀರೆ ತೆಗೆದುಕೊಂಡು ಹೋದ. ಹಣ್ಣು ಅಲ್ಲೇ ಇತ್ತು. ಅಮ್ಮ ಅದನ್ನು ಕೆಳಗಿನ ಮನೆಯ ಮಕ್ಕಳಿಗೆ ಕೊಡಿಸಿದಳು. ಆ ದಿನ ಅವಳು ಹೋಳಿಗೆ ಮುಟ್ಟಲಿಲ್ಲ.

ಅವನ ಎರಡನೆಯ ಸಿನಿಮಾದ ಸುದ್ದಿ ಪೇಪರಿನಲ್ಲಿ ಬಂದಾಗ, ಅದೂ ಒಂದು ಅಚ್ಚಾದ ಕತೆಯ ಮೇಲೆ ಎಂದು ತಿಳಿಯಿತು. ಬರೆದವರು ಮೈಸೂರಿನ ಕಡೆಯ ಒಬ್ಬ ನಿವೃತ್ತ ಮೇಷ್ಟ್ರು. ಅವರ ನಂಬರ್ ಹುಡುಕುವುದು ಕಷ್ಟವಾಗಲಿಲ್ಲ. ಫೋನ್ ಮಾಡಿ, ಯಾರೆಂದು ಹೇಳಿಕೊಂಡು, ನಮ್ಮ ಮನೆಯಲ್ಲಿ ನಡೆದದ್ದನ್ನು ಒಂದನ್ನೂ ಹೆಚ್ಚು ಮಾಡದೆ ಹೇಳಿದೆ. ಅವರು ನಡುವೆ ಬಾಯಿ ಹಾಕದೆ ಕೇಳಿದರು.

"ನೀವು ದುಡ್ಡೇನಾದ್ರೂ ಹಾಕಿದೀರಾ ಸರ್?" ಎಂದು ಕೊನೆಗೆ ಕೇಳಿದೆ.

"ಸ್ವಲ್ಪ ಹಾಕಿದೀನಿ ಮೇಡಂ. ಆದ್ರೆ ಅವ್ರು ಹಾಗಲ್ಲ. ನನ್ನನ್ನ ಅಣ್ಣ ಅಂತಾರೆ, ಮನೆಗೆ ಬಂದು ಊಟ ಮಾಡ್ಕೊಂಡು ಹೋಗ್ತಾರೆ." ಆಮೇಲೆ ಮುಜುಗರದಿಂದ ಹೇಳಿದರು, "ನೀವು ಫೋನ್ ಮಾಡ್ಬಹುದು ಅಂತ ಅವ್ರು ಮೊದ್ಲೇ ಹೇಳಿದ್ರು. ಅಕ್ಕನಿಗೆ ನನ್ನ ಮೇಲೆ ಕೋಪ ಇದೆ, ಬೇಜಾರು ಮಾಡ್ಕೋಬೇಡಿ ಅಂತ."

ಅವರು ಸಜ್ಜನರು. ನನ್ನ ಅಮ್ಮನ ಆರೋಗ್ಯ ವಿಚಾರಿಸಿ, ನಮಸ್ಕಾರ ಹೇಳಿ ಫೋನ್ ಇಟ್ಟರು. ಶೂಟಿಂಗ್ ಅವರ ಮನೆಯಲ್ಲೇ ಶುರುವಾಗಿದೆಯಂತೆ.